ಮನಾಲಿ ಸೀಸನ್‌ಗೆ ಹುಡುಗರನ್ನು ಕಳಿಸುವ ಬೆಳಗಾವಿಯ ಆಫೀಸು: 18,000 ಅಂದರು, ಮನೆಗೆ ಬಂದದ್ದು ಎಷ್ಟು?

ಮೊದಲು ಲೆಕ್ಕ ಹೇಳಿಬಿಡುತ್ತೇನೆ. 2024ರ ಏಪ್ರಿಲ್ 12ರಿಂದ ಜುಲೈ 3ರವರೆಗೆ, ಒಟ್ಟು 83 ದಿನ, ಮನಾಲಿಯ ಒಂದು ರೆಸಾರ್ಟಿನಲ್ಲಿ ಸ್ಟೀವರ್ಡ್, ಅಂದರೆ ಊಟ ಬಡಿಸುವ ವೇಟರ್, ಆಗಿ ದುಡಿದೆ. ಎಲ್ಲ ಖರ್ಚು ಕಳೆದು ಮನೆಗೆ ತಂದದ್ದು 32,771 ರೂಪಾಯಿ. ದಿನಕ್ಕೆ 395 ಬಿತ್ತು. ನನ್ನನ್ನು ಕಳಿಸಿದ ಬೆಳಗಾವಿಯ ಆಫೀಸಿನವರು ಹೇಳಿದ್ದು ತಿಂಗಳಿಗೆ 18,000 ಪಗಾರ, ಮೇಲೆ ಟಿಪ್ಸ್ 10,000. ಎರಡೂ ಸೇರಿಸಿದರೆ ಮೂರು ತಿಂಗಳಿಗೆ ಎಂಬತ್ತು ಸಾವಿರ ದಾಟಬೇಕಿತ್ತು.

ಯುಗಾದಿ ಹತ್ತಿರ ಬಂತೆಂದರೆ ಗೋಕಾಕ, ಬೈಲಹೊಂಗಲ, ಖಾನಾಪುರ ಕಡೆಯ ಹುಡುಗರ ವಾಟ್ಸಾಪ್‌ಗೆ ಅದೇ ಪೋಸ್ಟರ್ ಬರುತ್ತದೆ. ಹಿಂದೆ ಹಿಮದ ಗುಡ್ಡ, ಮುಂದೆ ಕೋಟು ಹಾಕಿದ ವೇಟರ್, ಕೆಳಗೆ ಪಗಾರದ ಅಂಕಿ. ಈ ವರ್ಷ ನನ್ನ ಚಿಕ್ಕಪ್ಪನ ಮಗನೂ ಅದನ್ನು ಕಳಿಸಿ "ಹೋಗಲೇನಣ್ಣಾ?" ಅಂತ ಕೇಳಿದ. ಅವನಿಗೆ ಫೋನಿನಲ್ಲಿ ಒಂದು ತಾಸು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆಫೀಸಿನ ಹೆಸರು ಹಾಕುವುದಿಲ್ಲ. ಇಂಥ ಆಫೀಸು ಒಂದೇ ಇಲ್ಲ, ನಡೆಸುವ ರೀತಿ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಕಟ್ಟಡದ ಎರಡನೇ ಮಹಡಿ. ಒಂದು ಟೇಬಲ್ಲು, ಎರಡು ಕುರ್ಚಿ, ಗೋಡೆ ತುಂಬ ರೆಸಾರ್ಟುಗಳ ಫೋಟೋ. ಒಳಗಿದ್ದವರು ಮಾತಿನಲ್ಲಿ ಬಹಳ ಚಲೋ. ಚಹಾ ತರಿಸಿದರು. ನಾನಾಗ ಬೆಳಗಾವಿಯಲ್ಲೇ ಒಂದು ಹೋಟೆಲಿನಲ್ಲಿ 12,000ಕ್ಕೆ ಇದ್ದೆ, ರೂಮು ಬಾಡಿಗೆ ಅದು ಇದು ಹೋಗಿ ತಿಂಗಳಿಗೆ ಏಳು ಸಾವಿರ ಉಳಿಯುತ್ತಿತ್ತು. "ಊಟಾ ವಸತಿ ಫುಕಟ್, ಟಿಪ್ಸ್ ಬ್ಯಾರೆ, ನೀ ಬರೇ ಬ್ಯಾಗ್ ಹಿಡಕೊಂಡು ಹೋಗು ತಮ್ಮಾ" ಅಂದರು. ರಿಜಿಸ್ಟ್ರೇಶನ್ ಅಂತ 5,000 ಕ್ಯಾಶ್ ತಗೊಂಡರು. ರಸೀದಿ ಕೇಳಿದೆ. "ಹೋಟೆಲಿನವರು ಆಫರ್ ಲೆಟರ್ ಕಳಸ್ತಾರ, ಅದ ರಸೀದಿ" ಅಂದರು. ಆ ಲೆಟರ್ ನನಗೆ ಇವತ್ತಿಗೂ ಬಂದಿಲ್ಲ.

ಯುಗಾದಿ ದಿನ, ಏಪ್ರಿಲ್ 9ರ ಸಂಜೆ, ಗೋವಾ ಎಕ್ಸ್‌ಪ್ರೆಸ್ ಹತ್ತಿದೆವು. ನಾವು ಆರು ಜನ. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆ ಇತ್ತು. 11ರ ಬೆಳಿಗ್ಗೆ ದಿಲ್ಲಿಯ ನಿಜಾಮುದ್ದೀನ್ ಸ್ಟೇಶನ್, ಅಲ್ಲಿಂದ ಕಶ್ಮೀರಿ ಗೇಟ್ ಬಸ್ ಸ್ಟ್ಯಾಂಡ್, ರಾತ್ರಿ ಪೂರ್ತಿ ಬಸ್ಸು, 12ರ ಬೆಳಿಗ್ಗೆ ಮನಾಲಿ. ಮುಖ ತೊಳೆದು ಅದೇ ದಿನ ಸಂಜೆ ಡ್ಯೂಟಿಗೆ ನಿಲ್ಲಿಸಿದರು. ಹೋಗುವ ಖರ್ಚು 2,600 ಆಯಿತು, ಅದನ್ನು ಯಾರೂ ಕೊಡಲಿಲ್ಲ. ಬೆಳಗಾವಿಯ ಚಳಿ ನೋಡಿ ಬೆಳೆದ ನಾನು ಒಂದು ಸ್ವೆಟರ್ ಒಯ್ದಿದ್ದೆ. ಮನಾಲಿ ಎರಡು ಸಾವಿರ ಮೀಟರಿಗಿಂತ ಮೇಲಿದೆ, ಏಪ್ರಿಲ್‌ನಲ್ಲೂ ರಾತ್ರಿ ಹೊದಿಕೆ ಸಾಲುವುದಿಲ್ಲ. ಜಾಕೆಟ್, ಒಳಗೆ ಹಾಕುವ ಥರ್ಮಲ್, ಕರಿ ಶೂ ಎಲ್ಲ ಸೇರಿ ಮೊದಲ ವಾರವೇ 3,400 ಹೋಯಿತು.

ಈಗ ಪಗಾರದ ವಿಷಯ. ಮೇ ತಿಂಗಳ ಮೊದಲ ವಾರ ಗೊತ್ತಾಯಿತು, ನಾವು ರೆಸಾರ್ಟಿನ ಕೆಲಸಗಾರರೇ ಅಲ್ಲ. ಒಬ್ಬ ಕಾಂಟ್ರಾಕ್ಟರ್ ಕೈಕೆಳಗೆ ನಮ್ಮ ಹೆಸರಿತ್ತು, ಬೆಳಗಾವಿಯ ಆಫೀಸು ಅವನಿಗೆ ಹುಡುಗರನ್ನು ಒದಗಿಸುತ್ತದೆ. 18,000 ಅನ್ನೋದು ಸುಳ್ಳಲ್ಲ, ಕಾಗದದ ಮೇಲೆ ಹಾಗೇ ಇತ್ತು. ಅದರಲ್ಲಿ ಪಿಎಫ್ ಅಂತ 1,800 ಮುರಿದರು. ಆರೋಗ್ಯ ವಿಮೆಯ ಇಎಸ್‌ಐ 135. ಏಜೆನ್ಸಿ ಚಾರ್ಜ್ ಅಂತ ತಿಂಗಳು ತಿಂಗಳು 1,500. ಯೂನಿಫಾರ್ಮ್ ಮತ್ತು ಮೆಸ್ ಅಂತ 1,000, ಊಟ ಫುಕಟ್ ಅಂದಿದ್ದರು ಅಲ್ವಾ, ಆದರೂ. ಕೈಗೆ ಬಂದದ್ದು 13,565.

ಪಿಎಫ್ ಮುರಿಯುವುದು ನ್ಯಾಯವಾದದ್ದೇ, ನಮ್ಮ ಕಡೆಯಿಂದ ನೂರಕ್ಕೆ 12, ಮಾಲೀಕನ ಕಡೆಯಿಂದಲೂ ಅಷ್ಟೇ. 15,000ಕ್ಕೆ ಲೆಕ್ಕ ಹಾಕಿದರೆ 1,800 ಸರಿ. ಇಎಸ್‌ಐಗೂ 21,000ದೊಳಗಿನ ಪಗಾರಕ್ಕೆ ನೂರಕ್ಕೆ ಮುಕ್ಕಾಲು ರೂಪಾಯಿ, 135 ಅದೂ ಸರಿ. ಆದರೆ ಆ ದುಡ್ಡು ನನ್ನ ಖಾತೆಗೆ ಹೋಗಬೇಕು. ಊರಿಗೆ ಬಂದ ಮೇಲೆ ಸರ್ಕಾರದ ಉಮಂಗ್ ಆಪ್‌ನಲ್ಲಿ ನನ್ನ ಪಿಎಫ್ ನಂಬರು (ಯುಎಎನ್) ಹಾಕಿ ಪಾಸ್‌ಬುಕ್ ತೆಗೆದು ನೋಡಿದೆ. ಬೆಳಗಾವಿ ಹೋಟೆಲಿನ ಸಾಲುಗಳು ಇದ್ದವು. ಅದರ ಕೆಳಗೆ ಏನೂ ಇರಲಿಲ್ಲ. ಪುಟವನ್ನು ಮೂರು ಸಲ ಮೇಲೆ ಕೆಳಗೆ ಮಾಡಿದೆ. ನನ್ನ ಬೆವರಿನ ಸುಮಾರು 4,700 ರೂಪಾಯಿ ಎಲ್ಲಿಗೆ ಹೋಯಿತು ಅಂತ ಕೇಳಲು ಕಾಂಟ್ರಾಕ್ಟರನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಬೆಳಗಾವಿಯ ಆಫೀಸಿನವರು "ಅದು ಅವರದ್ದು, ನಮಗ ಸಂಬಂಧ ಇಲ್ಲ" ಅಂದರು. ಜುಲೈನ ಮೂರು ದಿನದ ಪಗಾರವೂ ಬರಲಿಲ್ಲ. ನನಗೆ ಸಿಟ್ಟು ಬಂದದ್ದು ಮೊತ್ತಕ್ಕಲ್ಲ. ಐದು ಸಾವಿರ ಎಣಿಸಿಕೊಳ್ಳುವಾಗ ಸಂಬಂಧ ಇತ್ತು.

ಟಿಪ್ಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಹುಡುಗರು ಅದನ್ನು ನಂಬಿಯೇ ಹೋಗುತ್ತಾರೆ.

ಮನಾಲಿಗೆ ಬರುವವರಲ್ಲಿ ಪ್ಯಾಕೇಜ್ ಜನ ಜಾಸ್ತಿ. ರೂಮಿನ ಬಾಡಿಗೆಯಲ್ಲೇ ಬೆಳಗಿನ ತಿಂಡಿ, ರಾತ್ರಿ ಊಟ ಸೇರಿರುತ್ತದೆ, ಹೋಟೆಲಿನವರು ಅದಕ್ಕೆ ಎಂಎಪಿ ಪ್ಲಾನ್ ಅನ್ನುತ್ತಾರೆ. ಬೆಳಿಗ್ಗೆ ಬಫೆ ತಿಂದು ಸೋಲಂಗ್, ರೋಹ್ತಾಂಗ್ ಕಡೆ ಹೋದರೆ ಬರುವುದು ಕತ್ತಲಾದ ಮೇಲೆ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ಶುರುವಾದ ಮೇಲೆ ಒಂಬತ್ತು ಕಿಲೋಮೀಟರ್ ದಾಟಿದರೆ ಲಾಹೌಲ್, ಹಾಗಾಗಿ ಸಿಸ್ಸು ಕಡೆಗೂ ಗಾಡಿಗಳ ಸಾಲು. ಮಧ್ಯಾಹ್ನ ರೆಸ್ಟೋರೆಂಟ್ ಖಾಲಿ. ಅದಕ್ಕೇ ನಮಗೆ ಬ್ರೇಕ್ ಶಿಫ್ಟು: ಬೆಳಿಗ್ಗೆ 6:30ರಿಂದ 11, ಮತ್ತೆ ಸಂಜೆ 6ರಿಂದ ನಡುರಾತ್ರಿ. ಹತ್ತೂವರೆ ತಾಸು ನಿಂತ ಕೆಲಸ, ಓಟಿ, ಅಂದರೆ ಹೆಚ್ಚಿನ ತಾಸಿನ ದುಡ್ಡು, ಅನ್ನುವ ಮಾತೇ ಇಲ್ಲ. ಪ್ಯಾಕೇಜ್ ಊಟಕ್ಕೆ ಬಿಲ್ ಬರುವುದಿಲ್ಲ. ಬಿಲ್ ಬರದಿದ್ದರೆ ಬಿಲ್ಲಿನ ಫೋಲ್ಡರ್ ಇಲ್ಲ, ಫೋಲ್ಡರ್ ಇಲ್ಲದಿದ್ದರೆ ಅದರಲ್ಲಿ ನೋಟು ಇಡುವುದೂ ಇಲ್ಲ. ಇನ್ನೂರು ಜನಕ್ಕೆ ಬಫೆ ಬಡಿಸಿ ಒಂದು ರೂಪಾಯಿ ಬರದ ರಾತ್ರಿಗಳಿದ್ದವು. ಟಿಪ್ಸ್ ಬರುವುದು ಮೆನು ನೋಡಿ ಆರ್ಡರ್ ಮಾಡುವವರಿಂದ, ರೂಮ್ ಸರ್ವಿಸ್‌ನಿಂದ, ಮತ್ತೆ ಮೂರ್ನಾಲ್ಕು ದಿನ ಇದ್ದು ಹೋಗುವಾಗ ನೆನಪಿಟ್ಟು ಕರೆದು ಕೊಡುವ ಕುಟುಂಬಗಳಿಂದ.

ಬಂದದ್ದೆಲ್ಲ ಬಾಕ್ಸಿಗೆ. ರವಿವಾರ ರಾತ್ರಿ ಕೊನೆಯ ಟೇಬಲ್ ಎದ್ದ ಮೇಲೆ ನಮ್ಮ ಸ್ಟೀವರ್ಡ್‌ಗಳ ಮೇಲಿನವರಾದ ಕ್ಯಾಪ್ಟನ್ ಸ್ಟೀಲ್ ಡಬ್ಬಿ ತಂದು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಸುರಿಯುತ್ತಿದ್ದರು. ಹತ್ತರ ನೋಟು ಒಂದು ಕಡೆ, ಐವತ್ತು, ನೂರು, ಐನೂರು ಬೇರೆ ಬೇರೆ. ಮಡಚಿ ಮಡಚಿ ಸಣ್ಣದಾದ ನೋಟುಗಳನ್ನು ನಾವು ಬಿಡಿಸಿ ಅಂಗೈಯಿಂದ ಒತ್ತುತ್ತಿದ್ದೆವು. ಜೂನ್ 16ರ ರವಿವಾರ ನನಗೆ ಚೆನ್ನಾಗಿ ನೆನಪಿದೆ. ಮರುದಿನ ಬಕ್ರೀದ್ ರಜೆ, ದಿಲ್ಲಿ ಕಡೆ ಸುಡುಬಿಸಿಲು, ಜನವೋ ಜನ. ಆ ವಾರ ಡಬ್ಬಿಯಲ್ಲಿ 62,000 ಬಿತ್ತು. ನೂರಕ್ಕೆ 30 ಅಡುಗೆಮನೆಗೆ ಮತ್ತು ಹೌಸ್‌ಕೀಪಿಂಗ್‌ಗೆ ಎತ್ತಿಟ್ಟರು. ಉಳಿದ 43,400 ಪಾಯಿಂಟ್ ಲೆಕ್ಕದಲ್ಲಿ ಹಂಚಿಕೆ: ಕ್ಯಾಪ್ಟನ್‌ಗೆ ಒಂದೂವರೆ, ಸ್ಟೀವರ್ಡ್‌ಗೆ ಒಂದು, ಹೆಲ್ಪರ್‌ಗೆ ಅರ್ಧ. ನಮ್ಮಲ್ಲಿ ಒಟ್ಟು ಇಪ್ಪತ್ತೂವರೆ ಪಾಯಿಂಟು. ನನ್ನ ಪಾಲು 2,117. ಇಡೀ ಸೀಸನ್ನಿನಲ್ಲಿ ಅದೇ ದೊಡ್ಡ ವಾರ. ಏಪ್ರಿಲ್‌ನಲ್ಲಿ ನನಗೆ ಸಿಕ್ಕಿದ್ದು 1,400, ಮೇಯಲ್ಲಿ 6,200, ಜೂನ್‌ನಲ್ಲಿ 7,850. ಒಟ್ಟು 15,450. ಹಂಚಿಕೆಯಲ್ಲಿ ಯಾರೂ ಮೋಸ ಮಾಡಲಿಲ್ಲ, ಎಲ್ಲರ ಕಣ್ಣೆದುರೇ ಎಣಿಸಿದರು, ಆ ಕ್ಯಾಪ್ಟನ್ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ.

ಅವರೇ ಒಂದು ಮಾತು ಹೇಳಿದ್ದರು. ಮೊದಲು ಬಿಲ್ಲಿನಲ್ಲೇ ಸರ್ವಿಸ್ ಚಾರ್ಜ್ ಸೇರಿಸುತ್ತಿದ್ದರು, ಅದರ ಪಾಲು ತಿಂಗಳ ಕೊನೆಗೆ ಹುಡುಗರಿಗೂ ಬರುತ್ತಿತ್ತಂತೆ. 2022ರ ಜುಲೈ 4ರಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂತ ಹೇಳಿತು, 2025ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಗಿರಾಕಿಗೆ ಒಳ್ಳೆಯದೇ. ಆದರೆ ನಮ್ಮಂಥವರ ಗಳಿಕೆ ಈಗ ಪೂರ್ತಿ ಗಿರಾಕಿಯ ಮನಸ್ಸಿನ ಮೇಲೆ ನಿಂತಿದೆ. ಅದರಲ್ಲೂ ಜೇಬಿನಲ್ಲಿ ಕ್ಯಾಶ್ ಇಟ್ಟುಕೊಳ್ಳುವವರೇ ಕಡಿಮೆ. "ಭಯ್ಯಾ, ಕ್ಯಾಶ್ ನಹೀ ಹೈ" ಅನ್ನುವುದನ್ನು ದಿನಕ್ಕೆ ಹತ್ತು ಸಲ ಕೇಳಿದ್ದೇನೆ. ನೀವು ಟೂರಿಗೆ ಹೋದಾಗ ದಯವಿಟ್ಟು ಐವತ್ತರ ನೋಟು ನಾಲ್ಕು ಇಟ್ಟುಕೊಳ್ಳಿ.

ನಮ್ಮ ಆರು ಜನರಲ್ಲಿ ಚೆನ್ನಾಗಿ ದುಡಿದದ್ದು ಬಾದಾಮಿಯ ಗೆಳೆಯ. ಕಿಚನ್ ಹೆಲ್ಪರ್ ಅಂತ 14,000ಕ್ಕೆ ಹೋಗಿದ್ದ, ಪಾತ್ರೆ ತೊಳೆಯುವುದು, ಉಳ್ಳಾಗಡ್ಡಿ ಹೆಚ್ಚುವುದು. ಬೆಂಗಳೂರು, ಹೈದರಾಬಾದ್ ಕಡೆಯ ಗಿರಾಕಿಗಳು ಬೆಳಗಿನ ಬಫೆಯಲ್ಲಿ ದೋಸೆ ಕೇಳುತ್ತಿದ್ದರು, ಅಲ್ಲಿಯವರು ಹಾಕಿದ ದೋಸೆ ಹಂಚಿನಿಂದ ಏಳುತ್ತಿರಲಿಲ್ಲ. ಒಂದು ದಿನ ಇವನು ಸುಮ್ನೆ ನೋಡುತ್ತ ನಿಂತವನು ಮುಂದೆ ಹೋಗಿ ಹಂಚಿಗೆ ನೀರು ಚಿಮುಕಿಸಿ, ಅರ್ಧ ಉಳ್ಳಾಗಡ್ಡಿಯಿಂದ ಒರೆಸಿ, ಸೌಟು ತಿರುಗಿಸಿ ತೋರಿಸಿದ. ಅವತ್ತಿನಿಂದ ದೋಸೆ ಕೌಂಟರ್ ಅವನದ್ದು. ಸುಲಭ ಏನೂ ಇರಲಿಲ್ಲ. ಆ ಚಳಿಗೆ ಹಿಟ್ಟು ಹುಳಿ ಬರುವುದೇ ಇಲ್ಲ. ರಾತ್ರಿ ರುಬ್ಬಿದ ಹಿಟ್ಟಿನ ಪಾತ್ರೆಗೆ ಹಳೆಯ ರಜಾಯಿ ಸುತ್ತಿ, ಆರುತ್ತಿರುವ ತಂದೂರಿನ ಪಕ್ಕ ಇಟ್ಟು ಮಲಗುತ್ತಿದ್ದ. ಸಾಂಬಾರಿನ ಬೇಳೆಗೂ ಅಲ್ಲಿ ಕುಕ್ಕರ್‌ನಲ್ಲಿ ಜಾಸ್ತಿ ಹೊತ್ತು ಬೇಕು, ಅಷ್ಟು ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ಜೂನ್ ಒಂದರಿಂದ ರೆಸಾರ್ಟಿನವರು ಅವನನ್ನು ಕಾಂಟ್ರಾಕ್ಟರನಿಂದ ಬಿಡಿಸಿ ನೇರ ತಮ್ಮ ರೋಲ್‌ಗೆ ತಗೊಂಡು 20,000 ಮಾಡಿದರು. ಕೌಂಟರಿನಲ್ಲಿ ನಿಂತವನಿಗೆ ಗಿರಾಕಿಗಳು ಕೈಗೇ ಕೊಡುತ್ತಾರೆ ಬೇರೆ.

ಹಾಗಾಗಿ ಯಾವ ಕೆಲಸಕ್ಕೆ ಎಷ್ಟು ಅನ್ನೋದು ಬಹಳ ಬೇರೆ ಬೇರೆ. ನಾನಿದ್ದ ಕಡೆ ಮತ್ತು ಅಕ್ಕಪಕ್ಕದ ಹೋಟೆಲಿನ ಹುಡುಗರು ಹೇಳಿದಂತೆ ಹೊಸ ಹೌಸ್‌ಕೀಪಿಂಗ್ ಹುಡುಗನಿಗೆ 11ರಿಂದ 13 ಸಾವಿರ, ಅನುಭವ ಇರುವ ಸ್ಟೀವರ್ಡ್‌ಗೆ 15ರಿಂದ 18, ಕ್ಯಾಪ್ಟನ್‌ಗೆ 22ರ ಮೇಲೆ. ತಂದೂರ್ ಉಸ್ತಾದ್ 30,000 ಕೇಳಿದರೂ ಕೊಡುತ್ತಾರೆ, ಸೀಸನ್ನಿನ ನಡುವೆ ಅವನು ಬಿಟ್ಟು ಹೋದರೆ ಅಡುಗೆಮನೆ ನಿಲ್ಲುತ್ತದೆ. ಕೈಯಲ್ಲಿ ಒಂದು ಕಸುಬು ಇದ್ದವನಿಗೂ ಇಲ್ಲದವನಿಗೂ ಬೆಟ್ಟದ ಮೇಲೆ ಇರುವ ಅಂತರ ಊರಿನಲ್ಲಿಗಿಂತ ದೊಡ್ಡದು.

ಇರುವ ಜಾಗದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬೇಸ್‌ಮೆಂಟಿನಲ್ಲಿ ಎಂಟು ಜನಕ್ಕೆ ಒಂದು ರೂಮು, ಬಿಸಿನೀರು ಬೆಳಿಗ್ಗೆ ಒಂದು ತಾಸು. ರಾಜ್ಮಾ, ಅನ್ನ, ಚಪಾತಿ ಹೊಟ್ಟೆ ತುಂಬ ಹಾಕುತ್ತಿದ್ದರು. ಜೋಳದ ರೊಟ್ಟಿ ನೆನಪಾಗಿ ಸಂಕಟವಾಗುತ್ತಿತ್ತು, ಅಷ್ಟೇ. ಉಳಿತಾಯ ಆಗುವುದು ಈ ಊಟ ವಸತಿಯಿಂದಲೇ ಅನ್ನುವುದನ್ನು ಮರೆಯಬಾರದು.

ಪೂರ್ತಿ ಲೆಕ್ಕ ಇಲ್ಲಿದೆ. ಪಗಾರ ಕೈಗೆ ಬಂದದ್ದು 35,721: ಏಪ್ರಿಲ್‌ನ 19 ದಿನಕ್ಕೆ 8,591, ಮೇ ಮತ್ತು ಜೂನ್‌ಗೆ 13,565ರಂತೆ. ಟಿಪ್ಸ್ 15,450. ಸೇರಿ 51,171. ಖರ್ಚಿನಲ್ಲಿ ಆಫೀಸಿಗೆ 5,000, ಹೋಗಲು 2,600, ಬರಲು 2,900, ಬಟ್ಟೆ ಶೂ 3,400, ಫೋನ್ ರೀಚಾರ್ಜ್ 900, ಜ್ವರ ಬಂದಾಗ ಔಷಧಿ 600, ಸೋಪು ಕಟಿಂಗ್ ಚಹಾ ಎಲ್ಲ 3,000. ಒಟ್ಟು 18,400. ಉಳಿದದ್ದು 32,771. ಇದೇ 83 ದಿನ ಬೆಳಗಾವಿಯಲ್ಲಿ ಇದ್ದಿದ್ದರೆ ಸುಮಾರು 19,000 ಉಳಿಯುತ್ತಿತ್ತು. ಅಂದರೆ ಹೋದದ್ದು ನಷ್ಟ ಅಲ್ಲ. ಆದರೆ ಮೊದಲಿನ 5,000 ಮತ್ತು ತಿಂಗಳು ತಿಂಗಳು ಮುರಿದ ಏಜೆನ್ಸಿ ಚಾರ್ಜು ಇರದಿದ್ದರೆ ಇನ್ನೂ ಒಂಬತ್ತು ಸಾವಿರ ನನ್ನ ಜೇಬಿನಲ್ಲಿ ಇರುತ್ತಿತ್ತು. ಪಿಎಫ್ ಬೇರೆ.

ಆಫೀಸಿಗೆ ಐದಕ್ಕೆ ಒಂದೂವರೆ ಕೊಡುತ್ತೇನೆ. ಕೆಲಸ ನಿಜವಾಗಿ ಇತ್ತು, ಹೇಳಿದ ಊರಿಗೇ ಕಳಿಸಿದರು, ಆ ಒಂದೂವರೆ ಅದಕ್ಕೆ. ರಸೀದಿ ಇಲ್ಲ, ಲೆಟರ್ ಇಲ್ಲ, ಕಾಂಟ್ರಾಕ್ಟರ್ ಇದ್ದಾನೆ ಅಂತ ಹೇಳಲಿಲ್ಲ, ಕಷ್ಟ ಬಂದಾಗ ಫೋನ್ ಇಟ್ಟರು. ರೆಸಾರ್ಟಿನ ಕೆಲಸಕ್ಕೆ ಮಾತ್ರ ಮೂರೂವರೆ ಕೊಡುತ್ತೇನೆ, ಅಲ್ಲಿ ಕಲಿತದ್ದು ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ.

ಅದೇ ಆಫೀಸಿನ ಗೋಡೆ ಮೇಲೆ ಸ್ವಿಟ್ಜರ್ಲೆಂಡಿನ ಪೋಸ್ಟರೂ ಇತ್ತು, ಹಿಮದ ಹೋಟೆಲಿನಲ್ಲಿ ವೇಟರ್ ಕೆಲಸ ಅಂತ. ಅಲ್ಲಿ ಪಗಾರ ದೊಡ್ಡದು ಅನ್ನುವುದು ನಿಜ. ಹೋಟೆಲ್ ಕೆಲಸಕ್ಕೆ ಅಲ್ಲಿ ಒಪ್ಪಂದದ ಕನಿಷ್ಠ ಪಗಾರವೇ ತಿಂಗಳಿಗೆ 3,700 ಫ್ರಾಂಕ್ ಆಸುಪಾಸು, ನಮ್ಮ ದುಡ್ಡಿನಲ್ಲಿ ಮೂರೂವರೆ ಲಕ್ಷ ದಾಟುತ್ತದೆ. ಊಟ ವಸತಿಗೆ ತಿಂಗಳಿಗೆ 990 ಫ್ರಾಂಕ್ ತನಕ ಮುರಿಯುತ್ತಾರೆ ಅನ್ನುವುದು ಪೋಸ್ಟರಿನಲ್ಲಿ ಇರುವುದಿಲ್ಲ. ಅದಕ್ಕಿಂತ ಮುಖ್ಯ, ಆ ದೇಶ ಮೊದಲು ಯುರೋಪಿನವರಿಗೆ ಕೆಲಸ ಕೊಡುತ್ತದೆ, ಹೊರಗಿನವರಲ್ಲಿ ವಿಶೇಷ ಕೌಶಲ ಇರುವವರಿಗೆ ಮಾತ್ರ ಪರ್ಮಿಟ್. ಸಾದಾ ವೇಟರ್ ಕೆಲಸಕ್ಕೆ ನಮ್ಮ ಹುಡುಗನಿಗೆ ಅದು ಸಿಗುವುದು ಬಹಳ ಕಷ್ಟ. ವಿದೇಶದ ಕೆಲಸ ಅಂದರೆ ಏಜೆಂಟನ ಹೆಸರು ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಣಿ ಆಗಿದೆಯಾ ನೋಡಿ. ನೋಂದಣಿ ಆದವರೂ 30,000 ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ಎರಡು ಲಕ್ಷ, ಮೂರು ಲಕ್ಷ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಹೊಲ ಒತ್ತೆ ಇಡಬೇಡಿ.

ಬೆಟ್ಟದ ಸೀಸನ್ ಯಾವಾಗ ಮುರಿಯುತ್ತದೆ ಹೇಳಲಾಗದು. 2023ರ ಜುಲೈ 9, 10ರ ಮಳೆಗೆ ಬಿಯಾಸ್ ಉಕ್ಕಿ ಮನಾಲಿ ರಸ್ತೆಯೇ ಕೊಚ್ಚಿಹೋಯಿತು. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯಲ್ಲಿ 26 ಜನ ಸತ್ತರು, ಸೀಸನ್ ಶುರುವಾಗುವ ಹೊತ್ತಿಗೇ ಕಾಶ್ಮೀರದ ಬುಕಿಂಗ್‌ಗಳು ಸಾಲುಸಾಲಾಗಿ ರದ್ದಾದವು. ಇಂಥ ಹೊತ್ತಿನಲ್ಲಿ ಕಾಂಟ್ರಾಕ್ಟಿನ ಹುಡುಗನನ್ನೇ ಮೊದಲು ಮನೆಗೆ ಕಳಿಸುವುದು. ಅದಕ್ಕೇ ಮರಳಿ ಬರುವ ಖರ್ಚು 3,000 ಯಾವತ್ತೂ ಮುಟ್ಟದೆ ಬೇರೆ ಇಡಬೇಕು. ನಾನು ಅವ್ವನ ಖಾತೆಯಲ್ಲಿ ಇಟ್ಟಿದ್ದೆ.

ಮೊದಲ ಸಲ ಹೋಗುವವರಿಗೆ ಮಹಾಬಳೇಶ್ವರ ಅಥವಾ ಮಡಿಕೇರಿ ಚಲೋ ಅನಿಸುತ್ತದೆ. ಬೆಳಗಾವಿಯಿಂದ ಒಂದು ರಾತ್ರಿ ಬಸ್ಸಿನ ದಾರಿ, ಥರ್ಮಲ್ ಬೇಡ, ಬೇಡ ಅನಿಸಿದರೆ ಮರುದಿನ ಮನೆ. ನಮ್ಮ ಕಡೆಯವರಿಗೆ ಕನ್ನಡ, ಮರಾಠಿ, ಹಿಂದಿ ಮೂರೂ ಬರುತ್ತದೆ, ಮಹಾಬಳೇಶ್ವರದಲ್ಲಿ ಅದಕ್ಕೆ ಬೆಲೆ ಇದೆ. ಮಳೆಗಾಲದಲ್ಲಿ ಮಾತ್ರ ಅಲ್ಲಿ ಕೆಲಸ ಕಡಿಮೆ, ಆಗ ಅಂಬೋಲಿ, ಚೋರ್ಲಾ ಘಾಟ್ ಕಡೆ ಶನಿವಾರ ರವಿವಾರ ಹುಡುಗರು ಬೇಕಾಗುತ್ತಾರೆ.

ಚಿಕ್ಕಪ್ಪನ ಮಗನಿಗೆ ಹೇಳಿದ್ದು ಇಷ್ಟು. ರೆಸಾರ್ಟಿನ ಎಚ್‌ಆರ್‌ಗೆ ನೀನೇ ಫೋನ್ ಮಾಡು, ಫೆಬ್ರವರಿ ಮಾರ್ಚ್‌ನಲ್ಲಿ ಅವರೇ ಹುಡುಗರನ್ನು ಹುಡುಕುತ್ತಿರುತ್ತಾರೆ. "ಪಗಾರ ಎಷ್ಟು" ಅಂತ ಕೇಳಬೇಡ, "ಕೈಗೆ ಎಷ್ಟು ಬರುತ್ತದೆ, ಯಾರು ಕೊಡುತ್ತಾರೆ, ಯಾವ ತಾರೀಖು" ಅಂತ ಕೇಳು. ತಿಂಗಳ ಪಗಾರ ಮುಂದಿನ ತಿಂಗಳ 7ರೊಳಗೆ ಬರಬೇಕು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ನೇಮಕಾತಿ ಪತ್ರ ಕೊಡಲೇಬೇಕು, ಕೆಲಸ ಬಿಟ್ಟರೆ ಎರಡು ಕೆಲಸದ ದಿನದೊಳಗೆ ಬಾಕಿ ಚುಕ್ತಾ ಮಾಡಬೇಕು. ಪಿಎಫ್ ಮುರಿದರೆ ಎರಡನೇ ತಿಂಗಳೇ ಉಮಂಗ್‌ನಲ್ಲಿ ನೋಡು, ನನ್ನ ಹಾಗೆ ಊರಿಗೆ ಬಂದ ಮೇಲೆ ನೋಡಬೇಡ. ರಜೆ ದಿನಕ್ಕೆ ಪಗಾರ ಇದೆಯಾ, ಟಿಪ್ಸ್ ಹೇಗೆ ಹಂಚುತ್ತಾರೆ ಅನ್ನುವುದನ್ನೂ ಕೇಳು, ಕೇಳಿದರೆ ಯಾರೂ ಕೆಲಸ ಕಿತ್ತುಕೊಳ್ಳುವುದಿಲ್ಲ.

ಅವನು ನನ್ನ ಮಾತು ಕೇಳಿದ. ಡಬ್ಬಿ ಎಣಿಸುತ್ತಿದ್ದ ಅದೇ ಕ್ಯಾಪ್ಟನ್ ಈಗ ಬೇರೆ ರೆಸಾರ್ಟಿನಲ್ಲಿದ್ದಾರೆ, ಅವರ ನಂಬರ್ ಕೊಟ್ಟೆ. ಮೊನ್ನೆ ವಾಟ್ಸಾಪ್‌ನಲ್ಲಿ ಲೆಟರ್ ಬಂತು: ಕೈಗೆ 14,800, ಊಟ ವಸತಿ ರೆಸಾರ್ಟಿನದ್ದು, ಮೂರು ತಿಂಗಳು ಪೂರ್ತಿ ಮಾಡಿದರೆ ಬರುವ ಟಿಕೆಟ್ ಅವರದ್ದೇ. ಬಾದಾಮಿಯವನೂ ಇವನ ಜೊತೆ ಹೋಗುತ್ತಿದ್ದಾನೆ. ಈ ಸಲ ತನ್ನ ಹಂಚು ತಾನೇ ಒಯ್ಯುತ್ತಾನಂತೆ.